ತಲೆ ಯಾರದು?

ಸಂಕ್ರಾಂತಿಗೆಂದು ಊರಿಗೆ ಹೋಗಿದ್ದೆ. ಊರೆಂದರೆ ಹಳಿಯಾಳ ತಾಲೂಕಿನ ತೇರಗಾಂವ; ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುವ ಊರು. ಬತ್ತದ ಸುಗ್ಗಿ ಮುಗಿದಿತ್ತು, ಕಬ್ಬಿನ ಕಟಾವು ಜೋರಾಗಿ ನಡೆದಿತ್ತು. ಹಬ್ಬದ ಮರುದಿನ ಕಾಲೇಜಿಗೆ ಮರಳಬೇಕು. ಬೆಳಗಿನ ಬಸ್ಸು ನಾನು ಚಹದ ಬಟ್ಟಲು ಕೆಳಗಿಡುವುದರೊಳಗಾಗಿ ಹೊರಟುಹೋಗಿತ್ತು. ಚೀಲ ಹಿಡಿದು ಅಂಗಳದಲ್ಲಿ ನಿಂತವನನ್ನು ನೋಡಿ ಪಕ್ಕದ ಮನೆಯ ಹುಡುಗ ತನ್ನ ಬುಲೆಟ್ ಗಾಡಿಯನ್ನು ಹೊರಗೆ ತಂದ. ಹುಡುಗನೆಂದರೆ ಇಪ್ಪತ್ತಾರರ ಪ್ರಾಯದವನು, ಸೇನೆಗೆ ಸೇರಿ ಆರೇಳು ವರ್ಷವಾಗಿದೆ. ಬೆಳಗಾವಿಯಲ್ಲಿ ತರಬೇತಿ ಪಡೆದು ಈಗ ಉತ್ತರದ ಯಾವುದೋ ಠಾಣೆಯಲ್ಲಿದ್ದಾನೆ. ಒಂದು ತಿಂಗಳ ಸೂಟಿಯ ಮೇಲೆ ಬಂದಿದ್ದ.

"ಹತ್ರಿ ಕಾಕಾ, ಹಳಿಯಾಳಕ್ಕ ಬಿಟ್ಟ ಬರ್ತೀನಿ," ಎಂದ.

"ಹೆಲ್ಮೆಟ್ ಎಲ್ಲೈತೋ?" ಎಂದೆ.

"ಒಳಗ ಗೂಟಕ್ಕ ತೂಗಹಾಕೇನಿ."

"ನಿಮ್ಮ ಠಾಣ್ಯಾಗೂ ಹಿಂಗ ತೂಗಹಾಕಿ ಹೋಗ್ತೀ ಏನು?"

ಹುಡುಗ ನಕ್ಕ. "ಅಲ್ಲಿ ಹೆಂಗ ನಡೀತೈತ್ರಿ? ಗೇಟಿನ್ಯಾಗ ನಿಲ್ಲಿಸಿಬಿಡ್ತಾರ. ಅಲ್ಲಿ ತಲಿ ಸರಕಾರದ್ದು ಕಾಕಾ. ಇಲ್ಲಿ ನಂದು."

ಇಂಥ ಮಾತನ್ನು ತರ್ಕಶಾಸ್ತ್ರದ ಪಂಡಿತನೂ ಇಷ್ಟು ಬಿಗಿಯಾಗಿ ಹೇಳಲಾರ. ನಾನು ಹತ್ತಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಚೀಲ ಹಿಡಿದು ನಿಂತೇ ಉಳಿದೆ. ಅಲ್ಲಿ ನಿಂತಾಗ ಹೊಳೆದದ್ದು ಸ್ವಲ್ಪ, ಆಮೇಲೆ ಪುಸ್ತಕ ತಿರುವಿ ತಿಳಿದದ್ದು ಹೆಚ್ಚು. ಎರಡನ್ನೂ ಇಲ್ಲಿ ಬೆರೆಸಿದ್ದೇನೆ.

ಸೇನೆಯ ನೆಲೆಯೊಳಗೆ ಮೋಟರ್ ಸೈಕಲ್ಲು ನಡೆಸುವ ಕ್ರಮವನ್ನು ಬೆಳಗಾವಿಯ ದಂಡಿನ ಪ್ರದೇಶದಲ್ಲಿ ಓಡಾಡಿದವರು ದೂರದಿಂದಲಾದರೂ ಕಂಡಿರುತ್ತಾರೆ. ಮರಾಠಾ ಲಘು ಪದಾತಿದಳದ ಕೇಂದ್ರ ಅಲ್ಲಿದೆ. ನಮ್ಮ ಜಿಲ್ಲೆಯಲ್ಲಿಯೇ ಕಾರವಾರದ ಬಳಿ 2005ರಲ್ಲಿ ನೌಕಾಪಡೆಯ ನೆಲೆಯೊಂದು ಆರಂಭವಾಗಿ ಕದಂಬರ ಹೆಸರು ಹೊತ್ತುಕೊಂಡಿತು. ಇಂಥ ಕಡೆ ಗೇಟಿನ ಆಚೆ ಒಂದು ಲೋಕ, ಈಚೆ ಇನ್ನೊಂದು. ಗೇಟಿನವರೆಗೆ ಕೂದಲು ಹಾರಿಸಿಕೊಂಡು ಬಂದವನು ಅಲ್ಲಿ ನಿಂತು ಶಿರಸ್ತ್ರಾಣ ಏರಿಸಿ, ಗಲ್ಲದ ಕೆಳಗಿನ ಪಟ್ಟಿ ಬಿಗಿದು, ವೇಗ ತಗ್ಗಿಸಿ ಒಳಗೆ ಹೋಗುತ್ತಾನೆ. ಹೊರಗೆ ಬರುವಾಗ ಅದೇ ಗೇಟಿನ ಹತ್ತು ಮಾರು ಆಚೆ ಪಟ್ಟಿ ಸಡಿಲವಾಗುತ್ತದೆ. ಮನುಷ್ಯ ಅವನೇ, ಗಾಡಿ ಅದೇ, ತಲೆಬುರುಡೆಯ ಎಲುಬೂ ಅಷ್ಟೇ ತೆಳುವು. ನಡುವೆ ಬದಲಾದದ್ದು ಏನು?

ಹುಡುಗನ ಉತ್ತರ ಸ್ಪಷ್ಟವಾಗಿದೆ: ಬದಲಾದದ್ದು ಒಡೆತನ. ಆ ಉತ್ತರವನ್ನು ನಕ್ಕು ತಳ್ಳಿಹಾಕುವ ಮೊದಲು ಒಂದು ಹಳೆಯ ಕಥೆ ಹೇಳಬೇಕು.

ಅರಬ್ಬರ ಬಂಡಾಯದಿಂದ ಹೆಸರಾದ ಲಾರೆನ್ಸ್ ಎಂಬ ಆಂಗ್ಲ ಸೈನಿಕನ ಹೆಸರನ್ನು ವಾಚಕರು ಕೇಳಿರಬಹುದು. ಮರುಭೂಮಿಯ ಯುದ್ಧದಲ್ಲಿ ಬದುಕುಳಿದು ಬಂದ ಈತನಿಗೆ ಮೋಟರ್ ಸೈಕಲ್ಲೆಂದರೆ ಪ್ರಾಣ. 1935ರಲ್ಲಿ ವಾಯುಪಡೆಯ ಕೆಲಸ ಬಿಟ್ಟು ಮನೆ ಸೇರಿದ ಕೆಲವೇ ವಾರಗಳಲ್ಲಿ, ಮೇ 13ರಂದು, ಬೋವಿಂಗ್ಟನ್ ಸೇನಾ ಶಿಬಿರದ ಹತ್ತಿರದ ರಸ್ತೆಯಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಎಸೆಯಲ್ಪಟ್ಟ. ತಲೆಯ ಮೇಲೆ ರಕ್ಷೆಯಿರಲಿಲ್ಲ. ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ, ವಯಸ್ಸು ನಾಲ್ವತ್ತಾರು. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯನೂ ಇದ್ದ. ಆ ಸಾವು ಅವನ ಮನಸ್ಸಿನಲ್ಲಿ ಉಳಿಯಿತೆಂದು ಹೇಳುತ್ತಾರೆ. ಮುಂದೆ ಮಹಾಯುದ್ಧ ಬಂತು. ಸೇನೆಯ ಸಂದೇಶವಾಹಕರು ದೀಪ ಮರೆಮಾಡಿದ ಕತ್ತಲೆಯ ರಸ್ತೆಗಳಲ್ಲಿ ಮೋಟರ್ ಸೈಕಲ್ಲು ಓಡಿಸತೊಡಗಿದರು. 1941ರಲ್ಲಿ ಕೇರ್ನ್ಸ್ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಲೆಕ್ಕ ಕೊಟ್ಟ: ಯುದ್ಧದ ಮೊದಲ ಇಪ್ಪತ್ತೊಂದು ತಿಂಗಳಲ್ಲಿ ರಸ್ತೆಯ ಮೇಲೆ ಸತ್ತ ಮೋಟರ್ ಸೈಕಲ್ ಸವಾರರು ಮತ್ತು ಹಿಂಬದಿಯವರು 2,279 ಮಂದಿ. ತಾನು ನೋಡಿದ ಗಾಯಾಳುಗಳಲ್ಲಿ ಶಿರಸ್ತ್ರಾಣ ಧರಿಸಿದ್ದವರು ಬರಿಯ ಏಳು ಜನ, ಅವರಲ್ಲಿ ಒಬ್ಬರೂ ಸಾಯಲಿಲ್ಲ ಎಂದೂ ಬರೆದ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ತನ್ನ ಎಲ್ಲ ಸವಾರರಿಗೂ ಶಿರಸ್ತ್ರಾಣ ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಪ್ರಜೆಗೆ ಅದು ಕಡ್ಡಾಯವಾದದ್ದು 1973ರಲ್ಲಿ.

ನಡುವಿನ ಮೂವತ್ತೆರಡು ವರ್ಷವನ್ನು ಗಮನಿಸಬೇಕು. ಸಿಪಾಯಿಯ ತಲೆ ಒಡೆಯಬಾರದೆಂದು ಸರಕಾರಕ್ಕೆ ಕೂಡಲೇ ತಿಳಿಯಿತು. ರೈತನ, ಗುಮಾಸ್ತನ, ವಿದ್ಯಾರ್ಥಿಯ ತಲೆಯ ವಿಷಯ ತಿಳಿಯಲು ಒಂದು ತಲೆಮಾರು ಬೇಕಾಯಿತು. ಏಕೆಂದರೆ ಸೇನೆಗೆ ತಲೆಗಳನ್ನು ಎಣಿಸುವ ಅಭ್ಯಾಸವಿದೆ. ಒಂದು ತಲೆ ಕಡಿಮೆಯಾದರೆ ಸಂಜೆಯ ಹಾಜರಿಯಲ್ಲಿ ಗೊತ್ತಾಗುತ್ತದೆ. ತರಬೇತಿಗೆ ಹಾಕಿದ ಹಣ, ತುಂಬಬೇಕಾದ ಜಾಗ, ಎಲ್ಲಕ್ಕೂ ಲೆಕ್ಕವಿದೆ. ಊರಿನಲ್ಲಿ ಎಣಿಸುವವರು ಮನೆಯವರು ಮಾತ್ರ.

ಸೇನೆಯ ಒಡೆತನ ಬರಿಯ ಮಾತಿನದಲ್ಲ, ಕಾಯಿದೆಯಲ್ಲಿಯೂ ಇದೆ. 1950ರ ನಮ್ಮ ಸೇನಾ ಕಾಯಿದೆಯ 46ನೆಯ ಕಲಮಿನ ಪ್ರಕಾರ, ಸೇವೆಗೆ ನಿರುಪಯೋಗಿಯಾಗಬೇಕೆಂಬ ಉದ್ದೇಶದಿಂದ ಸೈನಿಕನು ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ ಅದು ಅಪರಾಧ. ಏಳು ವರ್ಷದವರೆಗೆ ಸೆರೆಮನೆ ಆಗಬಹುದು. ನನ್ನ ಬೆರಳನ್ನು ನಾನು ಕತ್ತರಿಸಿಕೊಂಡರೆ ಊರವರು ಹುಚ್ಚ ಎಂದಾರು. ಸೈನಿಕ ಕತ್ತರಿಸಿಕೊಂಡರೆ ಅವನು ಕಳ್ಳ, ಬೇರೆಯವರದನ್ನು ಕದ್ದವನು.

ಇಷ್ಟಾದರೂ ನಮ್ಮ ಹುಡುಗನ ಮಾತಿನ ಉತ್ತರಾರ್ಧ ಉಳಿಯಿತು: "ಇಲ್ಲಿ ನಂದು." ಈ ಮಾತಿಗೆ ಬೆಂಬಲವಾಗಿ ದೊಡ್ಡವರೇ ಇದ್ದಾರೆ. ಜಾನ್ ಸ್ಟೂಅರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಒಬ್ಬನ ಸ್ವಂತ ಹಿತಕ್ಕಾಗಿ ಅವನನ್ನು ಬಲವಂತಪಡಿಸುವ ಅಧಿಕಾರ ಸಮಾಜಕ್ಕಿಲ್ಲವೆಂದು ವಾದಿಸಿದ. ಬೇರೆಯವರಿಗೆ ಕೇಡಾಗುವಲ್ಲಿ ಮಾತ್ರ ಅದು ಕೈ ಹಾಕಬಹುದು. ಮುರಿದು ಬೀಳಲಿರುವ ಸೇತುವೆಯನ್ನು ಒಬ್ಬ ಅರಿಯದೆ ಹತ್ತುತ್ತಿದ್ದರೆ, ಎಚ್ಚರಿಸಲು ಸಮಯವಿಲ್ಲದಾಗ, ಅವನ ರಟ್ಟೆ ಹಿಡಿದು ಎಳೆಯಬಹುದು. ಆದರೆ ಕೇಡು ಖಂಡಿತವಲ್ಲ, ಬರಿಯ ಸಂಭವವೆಂದಾದರೆ ಹೇಳಿ ಬಿಡಬೇಕು. ದಾಟುವುದೂ ಬಿಡುವುದೂ ಅವನಿಗೆ ಸೇರಿದ್ದು. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಕುಡಿದದ್ದಕ್ಕಾಗಿಯೇ ಯಾರನ್ನೂ ಶಿಕ್ಷಿಸಕೂಡದು, ಆದರೆ ಕರ್ತವ್ಯದ ಮೇಲಿದ್ದು ಕುಡಿದ ಸಿಪಾಯಿಯನ್ನೂ ಪೋಲೀಸನನ್ನೂ ಶಿಕ್ಷಿಸಬೇಕು ಎಂದು. ಮಿಲ್ಲನ ಹೆಸರನ್ನೂ ಕೇಳದ ನಮ್ಮ ಹುಡುಗ ಮಿಲ್ಲನ ಗೆರೆಯನ್ನೇ ಗೇಟಿನ ಹತ್ತಿರ ಎಳೆದಿದ್ದಾನೆ.

ನಮ್ಮ ಕಾನೂನು ಈ ಗೆರೆಯನ್ನು ಒಪ್ಪಿಲ್ಲ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ತನ್ನ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಒಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1988ರಲ್ಲಿ ಆ ನ್ಯಾಯಾಲಯ ನಿಯಮದ ಪರವಾಗಿಯೇ ತೀರ್ಪಿತ್ತಿತು. ಅದೇ ವರ್ಷದ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಇಡೀ ದೇಶಕ್ಕೆ ಅದನ್ನು ಹೇಳಿತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯವಾಯಿತು. ಪೇಟ ಸುತ್ತಿದ ಸಿಖ್ಖರಿಗೆ ಮಾತ್ರ ಕಾಯಿದೆ ವಿನಾಯಿತಿ ಕೊಟ್ಟಿದೆ; ತಲೆಗಿಂತ ದೊಡ್ಡದೊಂದು ತಲೆಯ ಮೇಲೆ ಇರಬಹುದೆಂದು ಕಾನೂನೂ ಒಪ್ಪಿದಂತಾಯಿತು. ಹೀಗೆ ಕಾನೂನಿನ ಮಟ್ಟಿಗೆ ತೇರಗಾಂವದ ರಸ್ತೆಗೂ ಸೇನೆಯ ನೆಲೆಯ ರಸ್ತೆಗೂ ಭೇದವಿಲ್ಲ. ಭೇದವಿರುವುದು ನಮ್ಮ ಮನಸ್ಸಿನಲ್ಲಿ.

ನನ್ನ ಮನಸ್ಸಿನದೇ ಹೇಳುತ್ತೇನೆ. ಧಾರವಾಡದಲ್ಲಿ ನಾನು ಹಲವು ವರ್ಷ ಸ್ಕೂಟರು ನಡೆಸಿದ್ದು ಹೆಲ್ಮೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು. ಜ್ಯೂಬಿಲಿ ಸರ್ಕಲ್ಲು ಹತ್ತಿರ ಬಂದಾಗ ಅದು ಮೇಲೇರುತ್ತಿತ್ತು. ದಾಟಿದ ಮೇಲೆ ಕೆಳಗಿಳಿಯುತ್ತಿತ್ತು. ಕೊಂಡದ್ದೂ ಫುಟ್‌ಪಾತಿನ ಮೇಲೆ, ಅಗ್ಗದ್ದು. ಅದನ್ನು ಅಂಗಡಿಯವನೂ ನಾನೂ ಶಿರಸ್ತ್ರಾಣವೆಂದು ಭಾವಿಸಿರಲಿಲ್ಲ, ದಂಡತ್ರಾಣವೆಂದು ಭಾವಿಸಿದ್ದೆವು. ಹಳಗನ್ನಡ ಕಾವ್ಯಗಳಲ್ಲಿ ಕವಚದ ವರ್ಣನೆ ಬಂದಾಗ ತರಗತಿಯಲ್ಲಿ ಅರ್ಧ ಗಂಟೆ ಮಾತನಾಡುವವನು ನಾನು. ಕರ್ಣ ಮೈಗಂಟಿ ಹುಟ್ಟಿದ ಕವಚವನ್ನು ಕತ್ತರಿಸಿ ಕೊಟ್ಟ. ಅವನ ಎದುರಿಗೆ ಬೇಡಿ ನಿಂತದ್ದು ಇಂದ್ರ, ಅವನು ಉಳಿಸಿಕೊಂಡದ್ದು ತನ್ನ ಮಾತು. ನಾನು ಕವಚ ತೆಗೆದಿಟ್ಟದ್ದು ಸೆಕೆಯಾಗುತ್ತದೆಂದು.

ಸೈನಿಕನ ವಿಷಯದಲ್ಲಿ ಇನ್ನೊಂದು ವಾದ ಕೇಳಿಬರುತ್ತದೆ. ಗುಂಡಿಗೆ ಎದೆಯೊಡ್ಡುವವನಿಗೆ ಡಾಂಬರು ರಸ್ತೆಯ ಭಯವನ್ನು ಹೇಳಿಕೊಡುವುದು ಅವಮಾನವಲ್ಲವೆ? ಇದಕ್ಕೆ ಅಮೆರಿಕೆಯ ಒಂದು ಲೆಕ್ಕ ಉತ್ತರ ಹೇಳುತ್ತದೆ. 2008ರ ಅಕ್ಟೋಬರಿಗೆ ಕೊನೆಗೊಂಡ ಒಂದು ವರ್ಷದಲ್ಲಿ ಆ ದೇಶದ ಮರೀನ್ ದಳದವರು ಇರಾಕಿನ ಕಾಳಗದಲ್ಲಿ ಸತ್ತದ್ದು ಇಪ್ಪತ್ತು ಮಂದಿ. ಮೋಟರ್ ಸೈಕಲ್ ಅಪಘಾತಗಳಲ್ಲಿ ಇಪ್ಪತ್ತೈದು ಮಂದಿ. ಯುದ್ಧ ಮುಗಿಸಿ ಬಂದವರು ಊರಿನ ರಸ್ತೆಯಲ್ಲಿ ಬಿದ್ದರು. ಅಲ್ಲಿಯ ಸೇನೆಯ ಕಟ್ಟಳೆಗಳು ವಿವರವಾಗಿವೆ: ನೆಲೆಯೊಳಗೆ ಗಾಡಿ ಹತ್ತಬೇಕಾದರೆ ತರಬೇತಿ ಆಗಿರಬೇಕು, ಹೆಲ್ಮೆಟ್ಟು, ಕಣ್ಣಿಗೆ ರಕ್ಷೆ, ಉದ್ದ ತೋಳಿನ ಅಂಗಿ, ಉದ್ದ ಷರಾಯಿ, ಬೆರಳು ಮುಚ್ಚುವ ಕೈಚೀಲ, ಹರಡು ಮುಚ್ಚುವ ಬೂಟು ಇರಬೇಕು. ಆಶ್ಚರ್ಯವೆಂದರೆ ಆ ಕಟ್ಟಳೆ ಗೇಟಿನಲ್ಲಿ ನಿಲ್ಲುವುದಿಲ್ಲ. ಸಮವಸ್ತ್ರದವನು ಕರ್ತವ್ಯದ ಮೇಲಿರಲಿ, ರಜೆಯ ಮೇಲಿರಲಿ, ನೆಲೆಯೊಳಗಿರಲಿ, ತನ್ನ ಊರಲ್ಲಿರಲಿ, ಅದು ಅವನ ಬೆನ್ನ ಹಿಂದೆಯೇ ಕೂತು ಬರುತ್ತದೆ. ಆ ದೇಶದ ಎಷ್ಟೋ ರಾಜ್ಯಗಳಲ್ಲಿ ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಅಂಥ ರಾಜ್ಯದಲ್ಲಿ ಅಣ್ಣ ತಮ್ಮಂದಿರಿಬ್ಬರು ಜೊತೆಯಾಗಿ ಹೊರಟರೆ ಸೈನಿಕನಾದ ತಮ್ಮನ ತಲೆಯ ಮೇಲೆ ಮಾತ್ರ ಆಜ್ಞೆ ಇರುತ್ತದೆ.

ಅಪಾಯಕ್ಕೂ ಅಜಾಗರೂಕತೆಗೂ ಇರುವ ಭೇದವನ್ನು ನಮ್ಮ ಸೇನೆ ಚೆನ್ನಾಗಿ ಬಲ್ಲದು. 2017ರ ನವೆಂಬರಿನಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಸೇನೆಯ 'ಟಾರ್ನೆಡೋಸ್' ತಂಡದವರು ಒಂದೇ ರಾಯಲ್ ಎನ್‌ಫೀಲ್ಡ್ ಗಾಡಿಯ ಮೇಲೆ ಐವತ್ತೆಂಟು ಜನ ಹತ್ತಿ 1,200 ಮೀಟರು ಸಾಗಿ ದಾಖಲೆ ಮಾಡಿದರು. ಹೊರಗಿನ ಕಾಯಿದೆ ಇಬ್ಬರಿಗಿಂತ ಹೆಚ್ಚು ಕೂಡದೆನ್ನುತ್ತದೆ; ನೆಲೆಯ ಒಳಗೆ ಐವತ್ತೆಂಟು! ನಮ್ಮ ಊರಿನ ಹುಡುಗರು ಮೂವರು ಕೂತರೆ ಹಿರಿಯರು ಬಯ್ಯುತ್ತಾರೆ, ಇದನ್ನು ನೋಡಿ ಅವರೇ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಬಹಳ ದಿನದ ಅಭ್ಯಾಸವಿತ್ತು, ಖಾಲಿಯಾದ ದಾರಿಯಿತ್ತು, ಬಿದ್ದರೆ ಎತ್ತಲು ಜನರಿದ್ದರು. ಅಪಾಯವನ್ನು ಎದುರಿಗೆ ಕೂರಿಸಿ ಮಾತನಾಡಿಸಿದ ಮೇಲೆ ಹತ್ತಿದ್ದರು. ಧೈರ್ಯವೆಂದರೆ ಅದು. ಸಂತೆಯ ರಸ್ತೆಯಲ್ಲಿ ಬರಿದಲೆಯಿಂದ ಹೋಗುವವನು ಧೈರ್ಯ ಮಾಡುತ್ತಿಲ್ಲ. ಅವನು ಆ ಕಡೆ ನೋಡಿಯೇ ಇಲ್ಲ.

ಈ ಲೇಖನ ಬರೆಯಲು ಕಾರಣವಾದ ವಿಷಯವನ್ನು ಇನ್ನು ಹೇಳಬೇಕು. ಆ ಬೆಳಿಗ್ಗೆ ಆ ಹುಡುಗನ ಎದುರಿಗೆ ನಾನು ಹಾಗೆ ನಿಂತುಬಿಟ್ಟದ್ದು ಮಿಲ್ಲನಿಂದಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಇದೇ ಸೀಮೆಯವನು, ಬಿ.ಎ. ಅರ್ಧಕ್ಕೆ ಬಿಟ್ಟು ಸೇನೆಗೆ ಸೇರಿದ. ಗಡಿಯಲ್ಲಿ ಎರಡು ಚಳಿಗಾಲ ಕಳೆದು ರಜೆಯ ಮೇಲೆ ಬಂದಿದ್ದಾಗ ನನ್ನನ್ನು ಕಾಣಲು ಕಾಲೇಜಿಗೆ ಬಂದ. ಸಂಜೆ ತನ್ನ ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟ. ಇಬ್ಬರ ತಲೆಯೂ ಬರಿದು. ಹೇಳಬೇಕೆನಿಸಿತು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಹಿಮದಲ್ಲಿ ನಿಂತು ಬಂದವನಿಗೆ, ನಾನು ಬೆಚ್ಚಗಿನ ಕೋಣೆಯಲ್ಲಿ ಛಂದಸ್ಸು ಹೇಳುವವನು, ಜಾಗರೂಕತೆಯ ಪಾಠ ಹೇಳಲೆ? ಅದು ಗೌರವವೆಂದು ಆಗ ತಿಳಿದಿದ್ದೆ. ನಾಲ್ಕನೆಯ ದಿನ ರಾತ್ರಿ ಊರಿಗೆ ಮರಳುವಾಗ ರಸ್ತೆಯ ಅಂಚಿನಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಹೊಡೆದ. ಟ್ರೇಲರಿನ ಹಿಂದೆ ಕೆಂಪು ದೀಪವಿರಲಿಲ್ಲ, ಹೊಳೆಯುವ ಪಟ್ಟಿಯಿರಲಿಲ್ಲ, ಎಚ್ಚರಿಕೆಗೆಂದು ಇಡುವ ಟೊಂಗೆಯೂ ಇರಲಿಲ್ಲವಂತೆ. ಅವನ ಹೆಲ್ಮೆಟ್ಟು ಮನೆಯ ಗೂಟಕ್ಕೆ ತೂಗುತ್ತಿತ್ತು. ಮಣ್ಣು ಮಾಡಿದ ಮೂರನೆಯ ದಿನ ನಾನು ಹೋದಾಗಲೂ ತೂಗುತ್ತಿತ್ತು. ಅವನ ತಾಯಿ ಅದನ್ನು ಒರೆಸಿ ಮತ್ತೆ ಅಲ್ಲಿಯೇ ಹಾಕಿದ್ದಳು. "ಹೋಗೋ ಮುಂದ ಹೇಳಿದ್ನಿರಿ," ಎಂದಳು, "ಅಂವಾ ನಕ್ಕ."

ಆ ಮನೆಯಲ್ಲಿ ಇನ್ನೊಂದು ಮಾತು ಆಗಲೇ ಹಣಿಕಿ ಹಾಕುತ್ತಿತ್ತು. ರಜೆಯ ಮೇಲಿದ್ದು ಸತ್ತವನು ಸೇವೆಯಲ್ಲಿದ್ದು ಸತ್ತವನೇ? ಬಂದವರೆಲ್ಲ ತಮಗೆ ತಿಳಿದಂತೆ ಹೇಳುತ್ತಿದ್ದರು. ಆಮೇಲೆ ನಾನು ತಿಳಿದುಕೊಂಡದ್ದು ಇಷ್ಟು. ಸಾಮಾನ್ಯ ಕುಟುಂಬ ಪಿಂಚಣಿ ಹೇಗಾದರೂ ಬರುತ್ತದೆ. ಸಾವು ಅಥವಾ ಗಾಯ ಸೇನಾಸೇವೆಯಿಂದಲೇ ಉಂಟಾದದ್ದೆಂದು ಗಣಿಸಿದರೆ ಮಾತ್ರ ಅದಕ್ಕಿಂತ ಹೆಚ್ಚಿನದು ಸಿಗುತ್ತದೆ. 1999ರ ಒಂದು ಪ್ರಕರಣದಲ್ಲಿ ಸಾಂದರ್ಭಿಕ ರಜೆಯ ಮೇಲೆ ಹೊರಟ ಸೈನಿಕ ರೈಲಿನಿಂದ ಇಳಿಯುವಾಗ ಬಿದ್ದು ಕೈ ಕಳೆದುಕೊಂಡಿದ್ದ. ಸುಪ್ರೀಂ ಕೋರ್ಟು ಅವನ ಪಕ್ಷ ವಹಿಸಿತು. ಆದರೆ 2011ರಲ್ಲಿ, ವಾರ್ಷಿಕ ರಜೆಯಲ್ಲಿ ಊರಲ್ಲಿದ್ದಾಗ ರಸ್ತೆಯ ಅಪಘಾತದಲ್ಲಿ ಗಾಯಗೊಂಡ ಸೈನಿಕನ ಪ್ರಕರಣದಲ್ಲಿ, ಆ ಗಾಯಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ನ್ಯಾಯದ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ, ಅಲ್ಲಗಳೆಯಲಾರೆ. ರಜೆಯಲ್ಲಿ ಯಾರು ಎಲ್ಲಿ ಬಿದ್ದರೂ ಅದು ದೇಶಸೇವೆಯೇ ಎನ್ನಲಾಗದು. ಆದರೆ ನೋಡಿ, ಕೊನೆಗೆ ಸರಕಾರವೇ ನಮ್ಮ ಹುಡುಗನ ಮಾತನ್ನು ಒಪ್ಪಿತಲ್ಲವೆ? ಅಲ್ಲಿ ತಲೆ ಸರಕಾರದ್ದು, ಇಲ್ಲಿ ಅವನದು. ಒಡೆದ ಮೇಲಂತೂ ಅವನದೇ.

ಅಮೆರಿಕೆಯಲ್ಲಿ ಹಾಗಲ್ಲ. ರಜೆಯ ಮೇಲಿದ್ದವನ ಗಾಯವೂ ಅವನದೇ ದುರ್ನಡತೆಯ ಫಲವಲ್ಲದಿದ್ದರೆ ಸಾಮಾನ್ಯವಾಗಿ ಸೇವೆಯ ಲೆಕ್ಕಕ್ಕೇ ಸೇರುತ್ತದೆ. ಆಜ್ಞೆಯ ಕೈ ಎಷ್ಟು ದೂರ ಚಾಚಿದೆಯೋ ಆಸರೆಯ ಕೈಯೂ ಹೆಚ್ಚುಕಡಿಮೆ ಅಷ್ಟು ದೂರ ಚಾಚಿದೆ. ನಾನು ಆ ದೇಶದ ಭಕ್ತನಲ್ಲ. ಆದರೆ ಈ ಒಂದು ವಿಷಯದಲ್ಲಿ ಅವರ ಲೆಕ್ಕ ಸರಿಯಾಗಿದೆ ಎನಿಸುತ್ತದೆ.

ನಮ್ಮವರಿಗೂ ಈ ಲೆಕ್ಕ ಹೊಸತಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ 'ಜೋಳವಾಳಿ' ಎಂಬ ಮಾತು ಗೊತ್ತು. ಒಡೆಯನು ಹಾಕಿದ ಜೋಳವನ್ನು ಉಂಡ ಬಂಟ ಅದರ ಋಣ ತೀರಿಸಲು ಪ್ರಾಣ ಕೊಡುತ್ತಾನೆ. ಪಂಪನ ಕರ್ಣ ಕೊನೆಯವರೆಗೆ ಬಿಡದೆ ಹಿಡಿದದ್ದು ಈ ಋಣವನ್ನೇ. ಅದನ್ನು ನಾವು ಬಹಳ ಕೊಂಡಾಡುತ್ತೇವೆ. ಅದರ ಇನ್ನೊಂದು ಬದಿಯನ್ನು ಮರೆಯುತ್ತೇವೆ. ಬಿದ್ದವನ ಮನೆಯವರಿಗೆ ಒಡೆಯನು ಭೂಮಿ ಬಿಡಬೇಕಾಗಿತ್ತು. ಅದಕ್ಕೆ 'ನೆತ್ತರುಗೊಡಗೆ' ಎಂಬ ಹೆಸರೇ ಇದೆ. ನೆತ್ತರಿಗೆ ಕೊಟ್ಟ ಮಾನ್ಯ. ಋಣ ಎರಡೂ ಕಡೆ ಹರಿಯುತ್ತಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈ ಸಂದರ್ಭದಲ್ಲಿ ನನಗೆ ಬಹಳ ನೆನಪಾಗುತ್ತದೆ. ಹತ್ತನೆಯ ಶತಮಾನದ ನಡುಭಾಗದ್ದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರನಿಗೆ ಅರಸ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ನಾನೂ ನಗುತ್ತಿದ್ದೆ. ಈಗ ಅನಿಸುವುದೇ ಬೇರೆ. ಆ ನಾಯಿ ಸತ್ತದ್ದು ರಣರಂಗದಲ್ಲಲ್ಲ, ಬೇಟೆಯಲ್ಲಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸೂಟಿಯ ಮೇಲಿದ್ದಾಗ. ಈ ಸಾವಿಗೂ ಸೇವೆಗೂ ಸಂಬಂಧವಿದೆಯೇ ಎಂದು ಆತಕೂರಿನಲ್ಲಿ ಯಾರೂ ಕೇಳಲಿಲ್ಲ.

ಹೀಗೆ ಯೋಚಿಸುತ್ತ ಹೋದಾಗ ತಲೆ ಯಾರದೆಂಬ ಪ್ರಶ್ನೆಯೇ ನನಗೆ ತಪ್ಪಾಗಿ ಕಾಣತೊಡಗಿತು. ತಲೆ ಹೊಲವಲ್ಲ, ಪಹಣಿಯಲ್ಲಿ ಹೆಸರು ಹುಡುಕಲು. ಅದು ಬಿದ್ದಾಗ ಯಾರ ಮೇಲೆ ಬೀಳುತ್ತದೆ ಎಂದು ಕೇಳಬೇಕು. ಹೊರಬೇಕಾದವರಿಗೆ ಹೇಳುವ ಹಕ್ಕಿದೆ. ನೆಲೆಯೊಳಗೆ ಸೇನೆಯ ಮಾತು ನಡೆಯುವುದು ಬರಿಯ ದಂಡನೆಯ ಭಯದಿಂದಲ್ಲ. ಅಲ್ಲಿ ಹೆಲ್ಮೆಟ್ ಹಾಕಿಕೊ ಎನ್ನುವವನೇ ರಸ್ತೆಯ ಗುಂಡಿ ಮುಚ್ಚಿಸುತ್ತಾನೆ, ವೇಗ ಕಾಯುತ್ತಾನೆ, ದೀಪವಿಲ್ಲದ ಗಾಡಿಯನ್ನು ಒಳಗೆ ಬಿಡುವುದಿಲ್ಲ, ಬಿದ್ದರೆ ತನ್ನ ಆಸ್ಪತ್ರೆಗೇ ಒಯ್ಯುತ್ತಾನೆ. ಹೊರಗಿನ ರಸ್ತೆಯಲ್ಲಿ ಹಾಗಿಲ್ಲ. ಇಲ್ಲಿ ನಮಗೆ ಹೆಲ್ಮೆಟ್ ಹಾಕಿಕೊ ಎನ್ನುವವರು ಒಬ್ಬರು, ಟ್ರೇಲರಿಗೆ ದೀಪ ಹಾಕಿಸಬೇಕಾದವರು ಇನ್ನೊಬ್ಬರು, ಆಸ್ಪತ್ರೆಯ ಬಿಲ್ಲು ತೆರುವವರು ಮೂರನೆಯವರು. ದಂಡ ಹಾಕುವವನಿಗೆ ನನ್ನ ತಲೆಯ ಚಿಂತೆ ನಿಜವಾಗಿಯೂ ಇದೆಯೆಂದು ನನಗೆ ನಂಬಿಕೆಯಾಗದು. ಆದ್ದರಿಂದ ನನ್ನ ಹೆಲ್ಮೆಟ್ಟು ಸರ್ಕಲ್ಲಿನಿಂದ ಸರ್ಕಲ್ಲಿಗೆ ಪ್ರಯಾಣ ಮಾಡುತ್ತದೆ. ಇದು ನನ್ನ ತಪ್ಪಿಗೆ ಸಮಾಧಾನವಲ್ಲ, ಕಾರಣ ಮಾತ್ರ.

ಮಿಲ್ಲನಿಗೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಸೇತುವೆಯ ಮೇಲೆ ಹೋಗುವವನನ್ನು ಅವನು ಒಂಟಿಯಾಗಿ ಕಲ್ಪಿಸಿಕೊಂಡ. ನಮ್ಮ ಕಡೆಯ ಸೇತುವೆಯ ಮೇಲೆ ಯಾರೂ ಒಂಟಿಯಾಗಿ ಹೋಗುವುದಿಲ್ಲ; ಹಿಂದೆ ತಾಯಿಯಿರುತ್ತಾಳೆ, ತಂಗಿಯ ಮದುವೆಯಿರುತ್ತದೆ, ಸೊಸಾಯಿಟಿಯ ಸಾಲವಿರುತ್ತದೆ. ಆದರೆ ಇದನ್ನೇ ಹಿಡಿದು ಎಳೆಯುತ್ತ ಹೋದರೆ ಮನುಷ್ಯನಿಗೆ ಏನನ್ನೂ ಮಾಡಲು ಬಿಡುವಂತಿಲ್ಲ ಎಂಬುದನ್ನೂ ಬಲ್ಲೆ. ಸೇನೆಗೆ ಸೇರಬೇಡ, ಮರ ಹತ್ತಬೇಡ, ಕಾಳಿ ನದಿಗೆ ಇಳಿಯಬೇಡ ಎಂದು ತಾಯಂದಿರೆಲ್ಲ ಹೇಳಬಹುದು. ಎಲ್ಲಿ ನಿಲ್ಲಿಸಬೇಕು? ನನಗೆ ತೋಚುವುದು ಇಷ್ಟೆ. ಗಡಿಗೆ ಹೋಗುವವನಿಗೆ ಆ ಅಪಾಯವೇ ಅವನ ಕೆಲಸ. ಅದನ್ನು ತೆಗೆದರೆ ಅವನ ಬಾಳಿನ ಒಂದು ಅರ್ಥವೇ ಹೋಗುತ್ತದೆ. ಹೆಲ್ಮೆಟ್ಟನ್ನು ತಲೆಯ ಮೇಲಿಟ್ಟರೆ ಅವನ ಬಾಳಿನಿಂದ ಹೋಗುವುದು ಒಂದಿಷ್ಟು ಗಾಳಿ. ಇಷ್ಟು ಸಣ್ಣದನ್ನು ಕೇಳಲು ತಾಯಿಗೆ ಹಕ್ಕಿಲ್ಲವೆಂದರೆ ಇನ್ನು ಯಾವುದಕ್ಕೆ ಇದೆ?

ಜನರ ಬಾಯಲ್ಲಿರುವ ಭಾರತದಲ್ಲಿ ಒಂದು ಕಥೆಯುಂಟು. ಗಾಂಧಾರಿ ಕಣ್ಣಿನ ಪಟ್ಟಿ ಬಿಚ್ಚಿ ಮಗನ ಮೈಯನ್ನೆಲ್ಲ ಒಮ್ಮೆ ನೋಡಿ ವಜ್ರದಂತೆ ಮಾಡಬೇಕೆಂದಿದ್ದಳು. ದುರ್ಯೋಧನ ನಾಚಿ ತೊಡೆ ಮುಚ್ಚಿಕೊಂಡು ಬಂದ. ಗದೆ ಬಿದ್ದದ್ದು ಅಲ್ಲಿಯೇ. ತಾಯಿಯ ಮಾತನ್ನು ಅವನು ಪೂರಾ ಮೀರಿರಲಿಲ್ಲ, ಸ್ವಲ್ಪ ಮಾತ್ರ ಮೀರಿದ್ದ. ಇಡೀ ಜಗತ್ತಿನ ಮುಂದೆ ಅಂಜದವನಿಗೆ ಆ ಒಂದು ಘಳಿಗೆ ಯಾರಾದರೂ ನಕ್ಕಾರೆಂಬ ಅಂಜಿಕೆ ಬಂದಿತ್ತು. ಊರಿನ ಕಟ್ಟೆಯ ಮುಂದೆ ಹೆಲ್ಮೆಟ್ ಹಾಕಿಕೊಂಡು ಹೋಗುವ ಫೌಜಿಗೂ ಅದೇ ಅಂಜಿಕೆ ಇದ್ದೀತು.

ನನ್ನ ವಿಷಯ ಉಳಿಯಿತು. ಆ ಸಂಜೆ ಹಿಂಬದಿಯಲ್ಲಿ ಕೂತು ನಾನು ನುಂಗಿದ ಮಾತು. ಅವನು ಬಿದ್ದಾಗ ಹೊರುವವರಲ್ಲಿ ನಾನು ಇರಲಿಲ್ಲ, ಆದ್ದರಿಂದ ಹೇಳುವ ಹಕ್ಕೂ ಇರಲಿಲ್ಲ ಎಂದು ನನ್ನದೇ ತರ್ಕವನ್ನು ನನ್ನ ಪರವಾಗಿ ತಿರುಗಿಸಿಕೊಳ್ಳಬಹುದು. ಎರಡು ಮೂರು ಸಲ ತಿರುಗಿಸಿ ನೋಡಿದ್ದೇನೆ. ಆದರೆ ಹೊರುತ್ತಿದ್ದೇನೆ. ಸ್ವಲ್ಪವೇ ಇರಬಹುದು, ಅವನ ತಾಯಿಯ ಭಾರದ ಮುಂದೆ ಅದು ಹುಲ್ಲುಕಡ್ಡಿ, ಆದರೂ ಹೊರುತ್ತಿದ್ದೇನೆ. ಗೌರವದ ಹೆಸರಿನಲ್ಲಿ ನಾನು ಅವನನ್ನು ಒಂಟಿಯಾಗಿ ಬಿಟ್ಟಿದ್ದೆ.

ಆದ್ದರಿಂದ ಈ ಸಲ ಅಂಗಳದಲ್ಲಿ ನಿಂತು, "ಹೆಲ್ಮೆಟ್ ತರೂತನಾ ಹತ್ತೂದಿಲ್ಲ ನೋಡಪಾ," ಎಂದೆ. ಹುಡುಗ ಮತ್ತೆ ನಕ್ಕ. ಅಷ್ಟರಲ್ಲಿ ನಮ್ಮ ಮಾತನ್ನು ಒಳಗಿನಿಂದ ಕೇಳಿಸಿಕೊಂಡಿದ್ದ ಅವನ ಆಯಿ ಸೆರಗಿನಿಂದ ಧೂಳು ಒರೆಸುತ್ತ ಅದನ್ನು ಹಿಡಿದುಕೊಂಡು ಬಂದಳು. ಅವಳು ಏನೂ ಹೇಳಲಿಲ್ಲ. ಹುಡುಗ ಕೈಗೆ ತೆಗೆ​ದುಕೊಂಡು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಅದನ್ನು ನನ್ನ ಕಡೆಗೆ ಚಾಚಿದ.

"ತಗೋರಿ ಕಾಕಾ, ನೀವ ಹಾಕ್ಕೋರಿ. ಮನ್ಯಾಗ ಇರೂದ ಒಂದ."

ಮೂವರೂ ಆ ಒಂದು ಹೆಲ್ಮೆಟ್ಟನ್ನು ನೋಡುತ್ತ ನಿಂತೆವು. ದೂರದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆದುಕೊಂಡು ಏರಿ ಬರುತ್ತಿತ್ತು. ನಾನು ಅದನ್ನು ಅವನ ಕೈಗೇ ಮರಳಿ ಕೊಟ್ಟು, ಮುಂದಿನ ಬಸ್ಸು ಎಷ್ಟಕ್ಕೆಂದು ಅವನ ಆಯಿಯನ್ನು ಕೇಳಿದೆ. ಇನ್ನೂ ಮುಕ್ಕಾಲು ತಾಸು ಇದೆ, ಒಳಗೆ ಬಂದು ಕೂತು ಇನ್ನೊಂದು ಬಟ್ಟಲು ಚಹಾ ಕುಡಿಯಿರಿ ಎಂದಳು.